ತಿದ್ದುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮೂರು ವಾರ

ಶಿಕ್ಷಕ ವೃತ್ತಿಯಲ್ಲಿ ಅತ್ಯಂತ ಬೇಸರ ತರುವ ಕೆಲಸ ಯಾವುದೆಂದು ನಾಲ್ಕು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ, ಹೆಚ್ಚು ಯೋಚಿಸದೆ ‘ನೋಟ್‌ಬುಕ್ ತಿದ್ದುವುದು’ ಎಂದುಬಿಡುತ್ತಿದ್ದೆ. ಹದಿನೇಳು ವರ್ಷಗಳಿಂದ ಗಣಿತ ಮತ್ತು ವಿಜ್ಞಾನ ಕಲಿಸುತ್ತಿದ್ದೇನೆ. ಪಾಠ ಮಾಡುವಾಗ ದಣಿವು ಗೊತ್ತಾಗುವುದಿಲ್ಲ. ಆದರೆ ಸಂಜೆ ಮೂವತ್ತೆಂಟು ಪುಸ್ತಕಗಳ ರಾಶಿಯ ಮುಂದೆ ಕುಳಿತು, ಒಂದೇ ಲೆಕ್ಕಕ್ಕೆ ಮಕ್ಕಳು ಬರೆದ ಮೂವತ್ತೆಂಟು ಉತ್ತರಗಳ ಮೇಲೆ ಕೆಂಪು ಪೆನ್ನು ಆಡಿಸುವಾಗ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದು, ಕೆಲವೇ ತಿಂಗಳಲ್ಲಿ ಸ್ಟಾಫ್ ರೂಮಿನ ಮಾತುಕತೆಯೆಲ್ಲ ಅದರ ಸುತ್ತಲೇ ಸುತ್ತತೊಡಗಿದಾಗ, ಕೃತಕ ಬುದ್ಧಿಮತ್ತೆಗೆ (ಎಐ) ವಹಿಸಿಬಿಡಬೇಕೆಂದು ನಾನು ಮೊದಲು ಆಸೆಪಟ್ಟದ್ದು ಇದೇ ಕೆಲಸವನ್ನು. ಕೊನೆಗೊಮ್ಮೆ ವಹಿಸಿಯೂ ನೋಡಿದೆ, ಮೂರು ವಾರಗಳ ಮಟ್ಟಿಗೆ. ಅಲ್ಲಿಗೆ ಬರುವ ಮೊದಲು, ಶಿಕ್ಷಕರಾದ ನಾವು ಈ ಸಾಧನವನ್ನು ನಿಜವಾಗಿ ಯಾವ ಯಾವ ಕೆಲಸಕ್ಕೆ ಬಳಸುತ್ತಿದ್ದೇವೆ ಎಂಬುದನ್ನು ಹೇಳಬೇಕು. ಏಕೆಂದರೆ ಹೊರಗಿನವರು ಊಹಿಸುವಂತೆ ಅದು ತರಗತಿಯೊಳಗೆ ಪಾಠ ಮಾಡುತ್ತಿಲ್ಲ, ಬಹುಪಾಲು ಬಳಕೆ ತರಗತಿಯ ಬಾಗಿಲಿನ ಈಚೆಗೇ ಮುಗಿದುಹೋಗುತ್ತದೆ.

ಪಾಠಯೋಜನೆ, ಪ್ರಶ್ನೆಪತ್ರಿಕೆ, ಅಭ್ಯಾಸ ಹಾಳೆ, ಪೋಷಕರಿಗೆ ಬರೆಯಬೇಕಾದ ಪತ್ರ: ಇವೇ ಮುಖ್ಯ. ಇಂಗ್ಲೆಂಡಿನ ಎಜುಕೇಷನ್ ಎಂಡೋಮೆಂಟ್ ಫೌಂಡೇಷನ್ ಎಂಬ ಸಂಸ್ಥೆ 68 ಶಾಲೆಗಳ 259 ವಿಜ್ಞಾನ ಶಿಕ್ಷಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪಾಠಸಿದ್ಧತೆಗೆ ಚಾಟ್‌ಜಿಪಿಟಿಯನ್ನು ಬಳಕೆಯ ಕೈಪಿಡಿಯೊಂದಿಗೆ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2024ರ ಡಿಸೆಂಬರಿನಲ್ಲಿ ಹೊರಬಂತು. ಸಾಧನವಿಲ್ಲದವರಿಗೆ ವಾರಕ್ಕೆ ಸುಮಾರು 81 ನಿಮಿಷ ಹಿಡಿದ ಸಿದ್ಧತೆ, ಸಾಧನ ಬಳಸಿದವರಿಗೆ 56 ನಿಮಿಷದಲ್ಲಿ ಮುಗಿದಿತ್ತು. ಪಾಠಸಾಮಗ್ರಿಯ ಗುಣಮಟ್ಟದಲ್ಲಿ ಪರಿಣತರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಮರುವರ್ಷ ಗ್ಯಾಲಪ್ ಸಂಸ್ಥೆ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಪ್ರತಿವಾರವೂ ಎಐ ಬಳಸುವ ಶಿಕ್ಷಕರು ವಾರಕ್ಕೆ 5.9 ಗಂಟೆ ಉಳಿಯುತ್ತದೆ ಎಂದು ಅಂದಾಜಿಸಿದರು. ಇಪ್ಪತ್ತೈದು ನಿಮಿಷಕ್ಕೂ ಆರು ಗಂಟೆಗೂ ಇರುವ ಅಂತರ ಸಣ್ಣದಲ್ಲ. ಮೊದಲನೆಯದು ಒಂದೇ ಬಗೆಯ ಕೆಲಸಕ್ಕೆ ಸಂಬಂಧಿಸಿದ, ಎರಡು ಗುಂಪುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದ ಲೆಕ್ಕ; ಎರಡನೆಯದು ಎಲ್ಲ ಕೆಲಸಗಳನ್ನೂ ಒಟ್ಟು ಮಾಡಿ ಶಿಕ್ಷಕರೇ ಹೇಳಿದ ಅಂದಾಜು. ನನ್ನ ಅನುಭವ ಮೊದಲನೆಯದರ ಹತ್ತಿರಕ್ಕೆ ಬರುತ್ತದೆ. ಉಳಿದ ಸಮಯದಲ್ಲಿ ಒಂದಷ್ಟನ್ನು ಯಂತ್ರ ಬರೆದುಕೊಟ್ಟದ್ದನ್ನು ಪರೀಕ್ಷಿಸುವುದಕ್ಕೇ ಕೊಡಬೇಕಾಗುತ್ತದೆ ಎಂಬುದನ್ನು ನಾನು ಕಲಿತದ್ದು, ಇಪ್ಪತ್ತು ಲೆಕ್ಕಗಳ ಉತ್ತರಸೂಚಿಯಲ್ಲಿ ಎರಡು ತಪ್ಪಿರುವುದನ್ನು ಮಕ್ಕಳೇ ಎದ್ದು ನಿಂತು ತೋರಿಸಿದ ದಿನ. ಭಾಷೆಯ ತೊಡಕು ಬೇರೆ. ಭಿನ್ನರಾಶಿಯ ‘ಅಂಶ’ವನ್ನು ಅದು ಒಂದೇ ಹಾಳೆಯಲ್ಲಿ ಒಮ್ಮೆ ‘ಲವ’ ಎಂದು, ಒಮ್ಮೆ ‘ಮೇಲಿನ ಸಂಖ್ಯೆ’ ಎಂದು, ಇನ್ನೊಮ್ಮೆ ‘ನ್ಯೂಮರೇಟರ್’ ಎಂದು ಕರೆದಿತ್ತು. ದೊಡ್ಡವರು ಇದನ್ನು ಓದಿಕೊಂಡು ಹೋಗಬಲ್ಲರು. ಪದವನ್ನೇ ಈಗಷ್ಟೆ ಕಲಿಯುತ್ತಿರುವ ಮಗುವಿಗೆ ಅವು ಮೂರು ಬೇರೆ ಬೇರೆ ವಸ್ತುಗಳು.

ಇಷ್ಟಾದರೂ ಸಿದ್ಧತೆಯ ಕೆಲಸದಲ್ಲಿ ಅದು ನನಗೆ ನಿಜವಾಗಿ ಒದಗಿಬಂದ ಜಾಗವೊಂದಿದೆ: ತಪ್ಪು ಉತ್ತರಗಳ ತಯಾರಿ. ಬಹು ಆಯ್ಕೆಯ ಪ್ರಶ್ನೆಯಲ್ಲಿ ಸರಿಯುತ್ತರ ಬರೆಯುವುದಕ್ಕೆ ಬುದ್ಧಿ ಬೇಕಿಲ್ಲ, ಉಳಿದ ಮೂರನ್ನು ಬರೆಯುವುದಕ್ಕೆ ಬೇಕು. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿರಿ ಎಂದರೆ, ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ಐದನೇ ಎರಡು ಎಂದು ಬರೆಯುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಆ ಆಯ್ಕೆ ಪಟ್ಟಿಯಲ್ಲಿ ಇಲ್ಲದಿದ್ದರೆ ಪ್ರಶ್ನೆ ಕೇಳಿಯೂ ಪ್ರಯೋಜನವಿಲ್ಲ. ‘ನಾಲ್ಕು ಆಯ್ಕೆ ಕೊಡು’ ಎಂದಷ್ಟೆ ಕೇಳಿದಾಗ ಯಂತ್ರ ಯಾವ ಮಗುವೂ ತಪ್ಪಿ ಬರೆಯದಂಥ ಸಂಖ್ಯೆಗಳನ್ನು ತಂದು ತುಂಬಿಸಿತು. ‘ಪ್ರತಿಯೊಂದು ತಪ್ಪು ಆಯ್ಕೆಯೂ ಒಂದು ನಿರ್ದಿಷ್ಟ ತಪ್ಪು ಹೆಜ್ಜೆಯಿಂದ ಹುಟ್ಟಿರಬೇಕು, ಆ ಹೆಜ್ಜೆ ಯಾವುದೆಂದು ಪಕ್ಕದಲ್ಲಿ ಬರೆ’ ಎಂದು ಕೇಳಿದಾಗ ಮಾತ್ರ ಕೆಲಸಕ್ಕೆ ಬರುವ ಆಯ್ಕೆಗಳು ಬಂದವು. ಈಗ ನಾನು ಹಾಗೆ ಕೇಳದ ದಿನವಿಲ್ಲ.

ತರಗತಿಯೊಳಗೆ ಅದನ್ನು ನೇರವಾಗಿ ತಂದದ್ದು ನಾನು ಕೆಲವೇ ಸಲ. ಶಿಕ್ಷಣದಲ್ಲಿ ಉತ್ಪಾದಕ ಎಐ, ಅಂದರೆ ಬರಹ, ಚಿತ್ರಗಳನ್ನು ತಾನೇ ಸೃಷ್ಟಿಸಿಕೊಡುವ ಎಐ ಬಳಕೆಯ ಕುರಿತು ಯುನೆಸ್ಕೊ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಮಕ್ಕಳು ಸ್ವತಂತ್ರವಾಗಿ ಬಳಸುವುದಕ್ಕೆ ಕನಿಷ್ಠ 13 ವರ್ಷದ ಮಿತಿಯನ್ನು ಸೂಚಿಸಲಾಗಿದೆ. ನನ್ನ ಏಳನೇ ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಆ ಗೆರೆಯ ಈಚೆಗಿದ್ದಾರೆ. ಆದ್ದರಿಂದ ಕೀಲಿಮಣೆ ನನ್ನ ಕೈಯಲ್ಲಿ, ಪರದೆ ಎಲ್ಲರ ಮುಂದೆ, ಮಾತು ಮಕ್ಕಳದು ಎಂಬ ಏರ್ಪಾಡು ಮಾಡಿಕೊಂಡೆ.

ಮರದ ತೂಕ ಎಲ್ಲಿಂದ ಬರುತ್ತದೆ ಎಂಬುದು ಅಂದಿನ ಪ್ರಶ್ನೆ. ಮಣ್ಣಿನಿಂದ ಎಂಬುದು ಹೆಚ್ಚುಕಡಿಮೆ ಎಲ್ಲರ ಉತ್ತರ. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಬಾಯಿಪಾಠ ಒಪ್ಪಿಸುವ ಮಕ್ಕಳ ಉತ್ತರವೂ ಅದೇ. ಹದಿನೇಳನೆಯ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬಾತ ಸುಮಾರು 90 ಕಿಲೊ ಒಣಮಣ್ಣಿನಲ್ಲಿ ಸುಮಾರು ಎರಡೂಕಾಲು ಕಿಲೊ ತೂಗುವ ವಿಲ್ಲೊ ಸಸಿಯೊಂದನ್ನು ನೆಟ್ಟು, ಐದು ವರ್ಷ ಬರೀ ನೀರೆರೆದು ಬೆಳೆಸಿ, ಮರ ಸುಮಾರು 77 ಕಿಲೊ ಆದಾಗಲೂ ಮಣ್ಣು ಕಳೆದುಕೊಂಡದ್ದು ಅರವತ್ತು ಗ್ರಾಮಿಗಿಂತ ಕಡಿಮೆ ಎಂದು ತೂಗಿ ತೋರಿಸಿದ ಕಥೆಯನ್ನು ಮೊದಲು ಹೇಳಿದೆ. ಆ ಮೇಲೆ ಯಂತ್ರಕ್ಕೆ, ‘ಮರದ ತೂಕವೆಲ್ಲ ಮಣ್ಣಿನದೇ ಎಂದು ಬಲವಾಗಿ ನಂಬಿರುವ ಹನ್ನೆರಡು ವರ್ಷದ ಹುಡುಗ ನೀನು, ಅಷ್ಟು ಸುಲಭವಾಗಿ ಒಪ್ಪಬೇಡ’ ಎಂಬ ಪಾತ್ರ ಕೊಟ್ಟು, ಅವನನ್ನು ಒಪ್ಪಿಸುವುದು ನಿಮ್ಮ ಕೆಲಸ ಎಂದು ಮಕ್ಕಳಿಗೆ ಹೇಳಿದೆ.

ಒಬ್ಬ ಹುಡುಗಿ ವಾನ್ ಹೆಲ್ಮಾಂಟನ ತೂಕದ ಲೆಕ್ಕವನ್ನು ಮುಂದಿಟ್ಟಳು. ಪರದೆಯ ಮೇಲಿನ ಹುಡುಗ ಒಂದೇ ಏಟಿಗೆ ಸೋತು, ‘ಅರೆ, ನೀವು ಹೇಳುವುದು ಸರಿ, ಮಣ್ಣಿನಿಂದಲ್ಲ’ ಎಂದ. ಮಕ್ಕಳಿಗೆ ನಿರಾಸೆಯಾಯಿತು. ಮತ್ತೊಮ್ಮೆ ಪಾತ್ರ ಬಿಗಿಗೊಳಿಸಿ ಆರಂಭಿಸಿದೆವು. ಈ ಸಲ ಇನ್ನೊಬ್ಬಳು, ‘ತೂಕ ಬರುವುದು ಬಿಸಿಲಿನಿಂದ’ ಎಂದಳು. ತಮಾಷೆಗೆ ಹೇಳಿದಳೋ ನಂಬಿ ಹೇಳಿದಳೋ ನನಗೆ ಇಂದಿಗೂ ತಿಳಿಯದು. ಪರದೆಯ ಹುಡುಗ ಅದಕ್ಕೂ, ‘ಹೌದಲ್ಲ, ಬೆಳಕೇ ಮರವಾಗುತ್ತದೆ, ಇದು ನನಗೆ ಹೊಳೆದಿರಲಿಲ್ಲ’ ಎಂದುಬಿಟ್ಟ. ಆಗ ಹಿಂದಿನ ಬೆಂಚಿನಿಂದ ಬಂದ ಮಾತು: ‘ಮೇಡಂ, ಅದು ಯಾರು ಏನು ಹೇಳಿದರೂ ಹೂಂ ಅನ್ನುತ್ತೆ.’

ಅಲ್ಲಿಂದ ಮುಂದೆ ತರಗತಿ ನನ್ನ ಕೈಯಲ್ಲಿ ಉಳಿಯಲಿಲ್ಲ, ಯಂತ್ರದ ಕೈಯಲ್ಲೂ ಇರಲಿಲ್ಲ. ಬೆಳಕಿಗೆ ತೂಕವಿದೆಯೇ ಎಂದು ಒಬ್ಬ, ಇಲ್ಲದಿದ್ದರೆ ಅದು ಕಟ್ಟಿಗೆಯಾಗುವುದು ಹೇಗೆ ಎಂದು ಇನ್ನೊಬ್ಬ, ನೀರಿಗಂತೂ ತೂಕವಿದೆ ಎಂದು ಮತ್ತೊಬ್ಬಳು. ಹಾಗಾದರೆ ಒಣಗಿದ ಕಟ್ಟಿಗೆಯಲ್ಲಿ ನೀರೇ ಇಲ್ಲವಲ್ಲ ಎಂದು ಅವಳಿಗೆ ಎದುರುತ್ತರ. ಗಾಳಿಗೆ ತೂಕವಿದೆಯೇ ಎಂಬ ಪ್ರಶ್ನೆಗೆ ಅವರು ತಾವಾಗಿಯೇ ಬಂದು ಮುಟ್ಟುವಷ್ಟರಲ್ಲಿ ಗಂಟೆ ಹೊಡೆಯಿತು. ಇಂಗಾಲದ ಡೈ ಆಕ್ಸೈಡ್ ಮರುದಿನದ ಪಾಠವಾಯಿತು. ತೂಕವೆಲ್ಲ ನೀರಿನಿಂದಲೇ ಬಂತೆಂದು ತೀರ್ಮಾನಿಸಿದ ವಾನ್ ಹೆಲ್ಮಾಂಟನೂ ಅರ್ಧ ದಾರಿಯಲ್ಲೇ ನಿಂತಿದ್ದ ಎಂದು ಆಗ ಹೇಳಿದಾಗ, ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೇವೆಂಬ ಹೆಮ್ಮೆ ಕೆಲವು ಮುಖಗಳಲ್ಲಿ ಕಾಣಿಸಿತು. ಯಂತ್ರ ಎಲ್ಲದಕ್ಕೂ ಹೂಂಗುಟ್ಟುವುದಕ್ಕೆ ಕಾರಣವಿದೆ: ಇಂಥ ಸಾಧನಗಳನ್ನು ತರಬೇತುಗೊಳಿಸುವ ಒಂದು ಹಂತದಲ್ಲಿ, ಯಾವ ಉತ್ತರ ಮೇಲು ಎಂದು ಮನುಷ್ಯರಿಂದ ಅಂಕ ಹಾಕಿಸುತ್ತಾರೆ, ಮನುಷ್ಯರಿಗೆ ತಮ್ಮ ಮಾತನ್ನು ಒಪ್ಪುವ ಉತ್ತರಗಳು ತುಸು ಹೆಚ್ಚೇ ಹಿಡಿಸುತ್ತವೆ. ಸಾಧನದ ದೋಷವೇ ಅಂದು ನನ್ನ ಪಾಠವನ್ನು ಉಳಿಸಿತು. ಆದರೆ ಮನೆಯಲ್ಲಿ ಒಂಟಿಯಾಗಿ ಅದರ ಮುಂದೆ ಕುಳಿತ ಮಗುವಿಗೆ ಹಿಂದಿನ ಬೆಂಚಿನವರು ಇರುವುದಿಲ್ಲ.

ಮನೆಯಲ್ಲಿ ಕೂರುವ ಆ ಮಗುವಿಗೆ ಯಂತ್ರವೇ ಬೋಧಕನಾಗಬೇಕೆಂಬ ಕನಸು ಹಳೆಯದು. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1950ರ ದಶಕದಲ್ಲೇ ಬೋಧನಾ ಯಂತ್ರ ಕಟ್ಟಿದ್ದರು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೊ ಎಂಬ ಗಣಕಾಧಾರಿತ ಬೋಧನಾ ವ್ಯವಸ್ಥೆ ಆರಂಭವಾಯಿತು. 1984ರಲ್ಲಿ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್, ಪ್ರತ್ಯೇಕ ಬೋಧಕನಿಂದ ಕಲಿತ ಸರಾಸರಿ ವಿದ್ಯಾರ್ಥಿ ಸಾಮಾನ್ಯ ತರಗತಿಯ ಶೇ 98ರಷ್ಟು ವಿದ್ಯಾರ್ಥಿಗಳಿಗಿಂತ ಮೇಲಿರುತ್ತಾನೆ ಎಂದು ಬರೆದ ಮೇಲೆ, ಪ್ರತಿ ಮಗುವಿಗೂ ಒಬ್ಬ ಬೋಧಕ ಎಂಬುದು ತಂತ್ರಜ್ಞಾನ ಸಂಸ್ಥೆಗಳ ಮಂತ್ರವಾಗಿಬಿಟ್ಟಿತು. 2011ರಲ್ಲಿ ಸಂಶೋಧಕ ಕರ್ಟ್ ವಾನ್‌ಲೆನ್ ಹಿಂದಿನ ಅಧ್ಯಯನಗಳನ್ನೆಲ್ಲ ಕಲೆಹಾಕಿ ನೋಡಿದಾಗ ಆ ಪರಿಣಾಮ ಬ್ಲೂಮ್ ಹೇಳಿದ್ದರ ಅರ್ಧಕ್ಕಿಂತಲೂ ಕಡಿಮೆ ಎಂದು ಕಂಡುಬಂದದ್ದನ್ನು ಮಾತ್ರ ಆ ಮಂತ್ರ ಪಠಿಸುವವರು ಅಷ್ಟಾಗಿ ಹೇಳುವುದಿಲ್ಲ. ಅಂತರಜಾಲದಲ್ಲಿ ಉಚಿತ ಪಾಠ ಒದಗಿಸುವ ಖಾನ್ ಅಕಾಡೆಮಿಯ ಎಐ ಬೋಧಕ ಖಾನ್‌ಮಿಗೊ 2023ರ ಮಾರ್ಚಿನಲ್ಲಿ ಬಂದಾಗ, ಉತ್ತರವನ್ನು ನೇರವಾಗಿ ಹೇಳದೆ ಮರುಪ್ರಶ್ನೆ ಕೇಳುವಂತೆ ಅದನ್ನು ರೂಪಿಸಿದ್ದರು. ಆ ನಿರ್ಧಾರ ಎಷ್ಟು ಸರಿ ಎಂಬುದಕ್ಕೆ ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಗಣಿತ ಕಲಿಕೆಯ ಮೇಲೆ ನಡೆದ ಪ್ರಯೋಗ ಸಾಕ್ಷಿ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಸಾಮಾನ್ಯ ಚಾಟ್‌ಬಾಟ್ ಜೊತೆಗಿದ್ದಾಗ ಮಕ್ಕಳ ಅಭ್ಯಾಸದ ಅಂಕಗಳು ಶೇ 48ರಷ್ಟು ಏರಿದವು. ಅದನ್ನು ಕಸಿದುಕೊಂಡು ಪರೀಕ್ಷೆಗೆ ಕೂರಿಸಿದಾಗ, ಎಂದೂ ಅದನ್ನು ಮುಟ್ಟದ ಮಕ್ಕಳಿಗಿಂತ ಶೇ 17ರಷ್ಟು ಕಡಿಮೆ ಅಂಕ ಬಂದವು. ಶಿಕ್ಷಕರು ಬರೆದುಕೊಟ್ಟ ಸುಳಿವುಗಳನ್ನಷ್ಟೇ ಕೊಡುವ ಇನ್ನೊಂದು ಆವೃತ್ತಿ ಬಳಸಿದವರಿಗೆ ಈ ನಷ್ಟ ಬಹುಮಟ್ಟಿಗೆ ತಪ್ಪಿತು, ಆದರೆ ಪರೀಕ್ಷೆಯಲ್ಲಿ ಲಾಭವೂ ಆಗಲಿಲ್ಲ. ನನಗೆ ಈ ಕೊನೆಯ ಮಾತೇ ಹೆಚ್ಚು ಯೋಚನೆಗೆ ಹಚ್ಚಿದ್ದು.

ಬರಹ ಯಂತ್ರದ್ದೋ ಮನುಷ್ಯರದ್ದೋ ಎಂದು ಪತ್ತೆ ಹಚ್ಚುವ ಸಾಧನಗಳ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ, ಅದನ್ನು ಇಲ್ಲಿ ದಾಖಲಿಸಬೇಕು. ಒಂಬತ್ತನೇ ತರಗತಿಯ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಬರೆದುಕೊಟ್ಟ ವಿಜ್ಞಾನ ಯೋಜನಾ ವರದಿ ಅಚ್ಚುಕಟ್ಟಾಗಿತ್ತು, ನನ್ನ ಅನುಮಾನಕ್ಕೆ ಅಷ್ಟೇ ಸಾಕಾಯಿತು. ಅಂತರಜಾಲದಲ್ಲಿ ಸಿಗುವ ಒಂದು ಪತ್ತೆ ಸಾಧನಕ್ಕೆ ಅದನ್ನು ಹಾಕಿದೆ. ಯಂತ್ರ ಬರೆದದ್ದು ಎಂದು ಅದು ತೀರ್ಪು ಕೊಟ್ಟಿತು. ನಾನು ಅವನನ್ನು ಸ್ಟಾಫ್ ರೂಮಿಗೆ ಕರೆಸಿ ವಿಚಾರಿಸಿದೆ. ಅವನು ವಾದ ಮಾಡಲಿಲ್ಲ. ಮರುದಿನ ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದ ಹನ್ನೊಂದು ಹಾಳೆಗಳನ್ನು ತಂದು ಮೇಜಿನ ಮೇಲಿಟ್ಟ. ನಾನು ಕ್ಷಮೆ ಕೇಳಿದೆ, ಅವನು ‘ಪರವಾಗಿಲ್ಲ ಮೇಡಂ’ ಎಂದ, ಆದರೆ ಆ ವರ್ಷವಿಡೀ ನನ್ನ ತರಗತಿಯಲ್ಲಿ ಅವನು ಕೈ ಎತ್ತಲಿಲ್ಲ. ಆ ಬಳಿಕ ಓದಿ ತಿಳಿದದ್ದು ಇಷ್ಟು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ತಂದ ಪತ್ತೆ ಸಾಧನ, ಯಂತ್ರಬರಹದಲ್ಲಿ ಶೇ 26ರಷ್ಟನ್ನು ಮಾತ್ರ ಗುರುತಿಸುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ಶೇ 9ರಷ್ಟನ್ನು ಯಂತ್ರದ್ದೆನ್ನುತ್ತಿತ್ತು. ಅದೇ ಜುಲೈನಲ್ಲಿ ನಿಖರತೆ ಸಾಲದೆಂದು ಅದನ್ನು ಹಿಂದಕ್ಕೆ ಪಡೆದರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರಬರಹವೆಂದು ತಪ್ಪಾಗಿ ಹೇಳಿದ್ದವು. ಕಲಿತ ಭಾಷೆಯಲ್ಲಿ ಬರೆಯುವವರು ತಮಗೆ ಖಚಿತವಾಗಿ ಗೊತ್ತಿರುವ ಪದಗಳನ್ನೇ ಹಿಡಿದು ಸರಳವಾಗಿ ಬರೆಯುತ್ತಾರೆ. ಮುಂದಿನ ಪದವನ್ನು ಸುಲಭವಾಗಿ ಊಹಿಸಬಹುದಾದ ಬರಹವನ್ನೇ ಆ ಸಾಧನಗಳು ಯಂತ್ರದ್ದೆಂದು ಎಣಿಸುತ್ತವೆ. ನನ್ನ ವಿದ್ಯಾರ್ಥಿ ಎಚ್ಚರಿಕೆಯಿಂದ ಬರೆದದ್ದೇ ಅವನ ವಿರುದ್ಧದ ಪುರಾವೆಯಾಗಿತ್ತು.

ಮಕ್ಕಳ ಖಾಸಗಿತನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೆಸರು, ಮುಖ, ಆರೋಗ್ಯದ ವಿವರ, ಮನೆಯ ಸ್ಥಿತಿ ಇವುಗಳಲ್ಲಿ ಒಂದನ್ನೂ ಈ ಸಾಧನಗಳಿಗೆ ಹಾಕಬಾರದು ಎಂಬುದರಲ್ಲಿ ಚರ್ಚೆಗೆ ಏನೂ ಇಲ್ಲ. ತರಗತಿಯಲ್ಲಿ ಮಕ್ಕಳ ಮುಖಭಾವವನ್ನು ಓದಿ ಅವರ ಭಾವನೆಯನ್ನು ಊಹಿಸುವ ವ್ಯವಸ್ಥೆಗಳನ್ನು ಐರೋಪ್ಯ ಒಕ್ಕೂಟವು 2025ರ ಫೆಬ್ರುವರಿಯಿಂದ ನಿಷೇಧಿಸಿದೆ, ಅಂಕ ಹಾಕುವ ವ್ಯವಸ್ಥೆಗಳನ್ನು ಹೆಚ್ಚು ಅಪಾಯದ ವರ್ಗದಲ್ಲಿ ಇಟ್ಟಿದೆ. ಅಂಕ ಹಾಕುವುದರಲ್ಲಿ ಅಂಥ ಅಪಾಯವೇನಿದೆ ಎಂದು ಮೊದಲು ನನಗೂ ಅನ್ನಿಸಿತ್ತು.

ಇನ್ನು ಆ ಮೂರು ವಾರಗಳ ವಿಷಯ. ದಶಮಾಂಶ ಭಿನ್ನರಾಶಿಗಳ ಅಧ್ಯಾಯ ನಡೆಯುತ್ತಿತ್ತು. ಮಕ್ಕಳ ಹೆಸರು ಮುಚ್ಚಿ, ಪುಟಗಳ ಫೋಟೊ ತೆಗೆದು, ಉತ್ತರಸೂಚಿಯೊಂದಿಗೆ ಯಂತ್ರಕ್ಕೆ ಕೊಟ್ಟೆ. ಅದು ಅಂಕವನ್ನೂ ಎರಡೆರಡು ಸಾಲಿನ ಟಿಪ್ಪಣಿಯನ್ನೂ ಕೊಟ್ಟಿತು, ನಾನು ಅದನ್ನು ಪುಸ್ತಕಗಳಿಗೆ ನಕಲು ಮಾಡಿದೆ. ಅಂಕಗಳಲ್ಲಿ ತಪ್ಪು ಹುಡುಕಿದರೂ ಹೆಚ್ಚು ಸಿಗಲಿಲ್ಲ. ಟಿಪ್ಪಣಿಗಳೂ ನಾನು ನಿದ್ದೆಗಣ್ಣಿನಲ್ಲಿ ಬರೆಯುವ ‘ಪ್ರಯತ್ನ ಚೆನ್ನಾಗಿದೆ’ ಎಂಬುದಕ್ಕಿಂತ ಉತ್ತಮವಾಗಿದ್ದವು. ಮೂರನೆಯ ವಾರ ತರಗತಿಯಲ್ಲಿ ಸುಮ್ಮನೆ, 0.3 ಮತ್ತು 0.45ರಲ್ಲಿ ಯಾವುದು ದೊಡ್ಡದು ಎಂದು ಕೇಳಿದೆ. ಆ ವಾರವೇ ಹತ್ತಕ್ಕೆ ಎಂಟು, ಒಂಬತ್ತು ಪಡೆದಿದ್ದ ಐದಾರು ಮಕ್ಕಳು 0.3 ಎಂದರು.

ದಶಮಾಂಶಗಳನ್ನು ಹೋಲಿಸುವಾಗ ಮಕ್ಕಳು ಎರಡು ಬಗೆಯಲ್ಲಿ ದಾರಿ ತಪ್ಪುತ್ತಾರೆ. ಮೂವತ್ತೈದು ನಾಲ್ಕಕ್ಕಿಂತ ದೊಡ್ಡದಾದ್ದರಿಂದ 0.4ಕ್ಕಿಂತ 0.35 ದೊಡ್ಡದು ಎನ್ನುವವರು ಒಂದು ಬಗೆ. ಅವರು ಬೇಗ ಸಿಕ್ಕಿಬೀಳುತ್ತಾರೆ. ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದಾದ್ದರಿಂದ, ಬಿಂದುವಿನ ನಂತರ ಎಷ್ಟು ಕಡಿಮೆ ಅಂಕಿಗಳಿವೆಯೋ ಸಂಖ್ಯೆ ಅಷ್ಟು ದೊಡ್ಡದು ಎಂದು ತೀರ್ಮಾನಿಸುವವರು ಇನ್ನೊಂದು ಬಗೆ, ಅವರು 0.35ಕ್ಕಿಂತ 0.4 ದೊಡ್ಡದು ಎಂದು ಸರಿಯಾಗಿ ಬರೆಯುತ್ತಾರೆ, ಕಾರಣ ಮಾತ್ರ ತಪ್ಪು. ಅಂದಿನ ಹಾಳೆಯಲ್ಲಿದ್ದ ಹತ್ತು ಪ್ರಶ್ನೆಗಳಲ್ಲಿ ಎಂಟು ಇಂಥವರಿಗೆ ಅನುಕೂಲವಾಗಿಯೇ ಇದ್ದವು. ಆ ಹಾಳೆಯನ್ನು ಬರೆದವಳು ನಾನೇ, ಯಂತ್ರವಲ್ಲ. ನಾನೇ ತಿದ್ದಿದ್ದರೆ ಅದೇ ಎರಡು ಪ್ರಶ್ನೆಗಳು ಪುಸ್ತಕದಿಂದ ಪುಸ್ತಕಕ್ಕೆ ತಪ್ಪುತ್ತಿರುವುದು ಐದನೆಯ ಪುಸ್ತಕದ ಹೊತ್ತಿಗೆ ನನ್ನ ಕಣ್ಣಿಗೆ ಬೀಳುತ್ತಿತ್ತು.

ಯಂತ್ರಕ್ಕೆ ಅನ್ಯಾಯ ಮಾಡಬಾರದು. ಈ ಎರಡು ಬಗೆಯ ತಪ್ಪುಗಳನ್ನು ವಿವರಿಸಿ, ಅದೇ ಫೋಟೊಗಳನ್ನು ಮತ್ತೆ ಕೊಟ್ಟು, ಯಾವ ಪುಸ್ತಕ ಯಾವ ಗುಂಪಿಗೆ ಸೇರುತ್ತದೆ ಎಂದು ಕೇಳಿದಾಗ ಅದು ಹೆಚ್ಚುಕಡಿಮೆ ಸರಿಯಾಗಿಯೇ ವಿಂಗಡಿಸಿತು. ಆದರೆ ಹಾಗೆ ಕೇಳಬೇಕೆಂದು ನನಗೆ ತಿಳಿದದ್ದು ಹದಿನೇಳು ವರ್ಷ ನಿದ್ದೆಗಣ್ಣಿನಲ್ಲಾದರೂ ಪುಸ್ತಕ ತಿದ್ದಿದ್ದರಿಂದ. ಈ ವರ್ಷ ಕೆಲಸಕ್ಕೆ ಸೇರಿ ಮೊದಲ ದಿನದಿಂದಲೇ ತಿದ್ದುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಶಿಕ್ಷಕಿಗೆ ಈ ಪ್ರಶ್ನೆ ಎಲ್ಲಿಂದ ಹೊಳೆಯಬೇಕು? ಬೇಸರದ ಕೆಲಸವೆಂದು ನಾನು ತಿಳಿದಿದ್ದದ್ದು ನನ್ನ ತರಬೇತಿಯೂ ಆಗಿತ್ತು, ಅದನ್ನು ಯಾರೂ ಹಾಗೆಂದು ಕರೆದಿರಲಿಲ್ಲ ಅಷ್ಟೆ.

ಈಗ ಮತ್ತೆ ನಾನೇ ತಿದ್ದುತ್ತಿದ್ದೇನೆ. ಎಲ್ಲ ಪುಟಗಳನ್ನೂ ಅಲ್ಲ. ಹೊಸ ಅಧ್ಯಾಯದ ಮೊದಲ ಎರಡು ಹಾಳೆಗಳನ್ನು ತಪ್ಪದೆ ನಾನು ನೋಡುತ್ತೇನೆ, ಕಂಡ ತಪ್ಪುಗಳನ್ನು ಪಟ್ಟಿ ಮಾಡಿ ಆಯಾ ಗುಂಪಿಗೆ ಬೇಕಾದ ಬೇರೆ ಬೇರೆ ಅಭ್ಯಾಸ ಹಾಳೆಗಳನ್ನು ಯಂತ್ರದಿಂದ ಬರೆಸುತ್ತೇನೆ. ಮೊನ್ನೆ ಹಾಗೆ ತಿದ್ದುವಾಗ ಒಂದು ಪುಸ್ತಕದಲ್ಲಿ, 0.35 ಮತ್ತು 0.4ರಲ್ಲಿ ಯಾವುದು ದೊಡ್ಡದು ಎಂಬುದಕ್ಕೆ ಮಗು 0.35 ಎಂಬ ಉತ್ತರವನ್ನು ಹೊಡೆದುಹಾಕಿ, ಪಕ್ಕದಲ್ಲಿ 0.4ರ ಮುಂದೆ ಸಣ್ಣದೊಂದು ಸೊನ್ನೆ ಸೇರಿಸಿ 0.40 ಮಾಡಿ, ಆಮೇಲೆ ಏನು ಅನುಮಾನ ಬಂತೋ, ಅದನ್ನೂ ಹೊಡೆದುಹಾಕಿ ಮತ್ತೆ 0.35 ಎಂದೇ ಬರೆದಿತ್ತು. ಕುತೂಹಲಕ್ಕೆ ಆ ಪುಟವನ್ನು ಯಂತ್ರಕ್ಕೂ ತೋರಿಸಿದೆ. ಅಂತಿಮ ಉತ್ತರ 0.35, ತಪ್ಪು, ಸ್ಥಾನಬೆಲೆಯನ್ನು ಪುನಃ ಅಭ್ಯಾಸ ಮಾಡಬೇಕು ಎಂದಿತು. ಹೊಡೆದುಹಾಕಿದ ಸೊನ್ನೆಯ ಸುತ್ತ ನಾನು ಪೆನ್ಸಿಲಿನಲ್ಲಿ ಒಂದು ವೃತ್ತ ಎಳೆದು, ‘ಇದನ್ನು ಯಾಕೆ ಅಳಿಸಿದೆ?’ ಎಂದು ಬರೆದು ಪುಸ್ತಕ ಮುಚ್ಚಿದೆ.